ಅಲಗು ತೇಲಬೇಕು: ತಲವಾರದ ಒರೆಯ ಕಟ್ಟಿಗೆ, ತೊಗಲು, ಹೊಲಿಗೆ

(ಅಥಣಿಯಲ್ಲಿ ಚಪ್ಪಲಿ ಕೆಲಸದವರು ಮತ್ತು ಬಡಿಗತನ ಬಲ್ಲವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೆ, ಅಣ್ಣಾರ, ಅಕ್ಕಾರ,

ಒರೆ ಅಂದರೆ ಕತ್ತಿಯ ಅಳತೆಗೆ ಹೊಲಿದ ತೊಗಲು ಚೀಲ ಎಂದು ತಿಳಿದವರೇ ಬಹಳ. ಪೇಟೆಯಲ್ಲಿ ಸಿಗುವ ಅಲಂಕಾರದ ಕತ್ತಿ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಬಳಕೆಯಲ್ಲಿದ್ದ ತಲವಾರದ ಹಳೆಯ ಒರೆ ಬಿಚ್ಚಿದರೆ ಒಳಗೆ ಸಿಗುವುದು ಕಟ್ಟಿಗೆ. ಎರಡು ತೆಳು ಹಲಗೆಗಳ ಒಳಮೈ ಕೊರೆದು, ಒಂದಕ್ಕೊಂದು ಅಂಟಿಸಿ, ಮೇಲೆ ತೆಳುವಾದ ತೊಗಲು ಎಳೆದು ಹೊಲಿದಿರುತ್ತಾರೆ. ಆ ಹಲಗೆಗಳು ಬಾಯಿಬಿಡದಂತೆ ಬಿಗಿಯುವುದು, ನೀರು ಒಳಗಿಳಿಯದಂತೆ ತಡೆಯುವುದು ತೊಗಲಿನ ಕೆಲಸ. ಕತ್ತಿಯನ್ನು ಹಿಡಿಯುವುದು ಕಟ್ಟಿಗೆ. ಅದೂ ಎಲ್ಲ ಕಡೆಯಲ್ಲ, ಬಾಯಿಯ ಹತ್ತಿರದ ನಾಲ್ಕೈದು ಸೆಂಟಿಮೀಟರಿನಲ್ಲಿ ಮಾತ್ರ. ಉಳಿದ ಉದ್ದಕ್ಕೂ ಅಲಗು ಒರೆಯೊಳಗೆ ಏನನ್ನೂ ಒತ್ತದೆ ತೇಲುತ್ತಿರಬೇಕು. ಒರೆ ಕೆಡುವುದೆಲ್ಲ ಈ ಒಂದು ಸಂಗತಿ ಮರೆತಾಗಲೇ.

ಬರೀ ತೊಗಲಿನಲ್ಲಿ ಮಾಡಿದರೆ ಏನಾಗುತ್ತದೆ? ತೊಗಲು ಬಾಗುತ್ತದೆ. ಕತ್ತಿ ಎಳೆಯುವಾಗ ಹರಿತದ ಅಂಚು ಒಳಮೈಗೆ ಒರಗಿ ಸವೆಸುತ್ತ ಹೋಗುತ್ತದೆ. ಹೊಲಿಗೆ ಆ ಕಡೆ ಇದ್ದರೆ ದಾರ ಕತ್ತರಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ತೊಗಲು ಗಾಳಿಯ ತೇವ ಹೀರಿ ಉಕ್ಕಿನ ಮೈಗೆ ಹಿಡಿದು ಕೂರುತ್ತದೆ. ತೊಗಟೆಯಲ್ಲಿ ಹದ ಮಾಡಿದ ತೊಗಲಿನಲ್ಲಿ ಹುಳಿ ಗುಣ ಇರುತ್ತದೆ, ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಕ್ರೋಮ್ ತೊಗಲಿನಲ್ಲಿ ಆ ಲವಣ ಉಳಿದಿರುತ್ತದೆ. ಎರಡೂ ಉಕ್ಕಿಗೆ ಆಗಿಬರುವುದಿಲ್ಲ. ನಡುವೆ ಕಟ್ಟಿಗೆ ಇಟ್ಟದ್ದು ಅದಕ್ಕೇ.

ಹೀಗಾಗಿ ಒಂದು ಒರೆಯಲ್ಲಿ ಹಲವರ ಕೈ ಸೇರುತ್ತಿತ್ತು. ಕಟ್ಟಿಗೆ ಬಡಿಗನದು, ತೊಗಲು ಹದ ಮಾಡುವುದು ಡೋಹರರದು, ಹೊಲಿಗೆ ಸಮಗಾರರದು ಇಲ್ಲವೆ ಕುದುರೆ ಜೀನು ಮಾಡುವ ಜೀನಗಾರರದು, ಅಲಗು ಸಾಣೆ ಹಿಡಿದು ಹೊಳಪು ಕೊಡುವುದು ಶಿಕಲಗಾರರದು. ಈ ಮನೆತನಗಳು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಇಂದಿಗೂ ಇವೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಈ ಮೂರೂ ಜಿಲ್ಲೆ, ಧಾರವಾಡ ಕೂಡ ಸೇರಿದ್ದು ಇಲ್ಲಿನ ತೊಗಲಿನ ಕೈಕಸಬಿನಿಂದಲೇ. ಆದ್ದರಿಂದ ತೊಗಲು ಹದ ಮಾಡುವುದರ ಬಗ್ಗೆ ನಿಮ್ಮ ಮುಂದೆ ಹೆಚ್ಚು ಹೇಳುವುದಿಲ್ಲ. ಸುಣ್ಣ, ಜಾಲಿ ತೊಗಟೆ, ಅಳಲೆಕಾಯಿ ನಿಮಗೆ ಗೊತ್ತು. ಕತ್ತಿ ಏನು ಕೇಳುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲು ಅಲಗನ್ನು ನೋಡ್ರಿ. ಸಾಮಾನ್ಯ ತಲವಾರದ ಅಲಗು 75ರಿಂದ 80 ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲ. ಬೆನ್ನು ಹಿಡಿಯ ಹತ್ತಿರ 6–8 ಮಿಲಿಮೀಟರ್ ದಪ್ಪ ಇದ್ದು ಮೊನೆಯ ಕಡೆಗೆ 3 ಮಿಲಿಮೀಟರಿಗೆ ಇಳಿಯುತ್ತದೆ. ಬಾಗು ಇದೆ. ಫಿರಂಗಿ ಎಂಬ ಖಡ್ಗ ಬೇರೆ: ಯುರೋಪಿನಿಂದ ಬಂದ ಉದ್ದನೆಯ ನೇರ ಅಲಗಿಗೆ ಇಲ್ಲಿಯ ಹಿಡಿ ಕೂಡಿಸಿದ್ದು. 1510ರಲ್ಲಿ ಗೋವಾ ಬಿಜಾಪುರದ ಕೈತಪ್ಪಿ ಪೋರ್ಚುಗೀಸರ ಪಾಲಾದ ಮೇಲೆ ಪಡುವಣ ಬಂದರುಗಳ ದಾರಿಯಲ್ಲಿ ಇಂಥ ಅಲಗು ದಖ್ಖನಿಗೆ ಧಾರಾಳವಾಗಿ ಬಂದವು. ದಖ್ಖನಿ ಚಿಕಣಿ ಚಿತ್ರಗಳಲ್ಲಿ ಸರದಾರರು ಒರೆಯಲ್ಲಿದ್ದ ಉದ್ದ ನೇರ ಖಡ್ಗವನ್ನು ಕೈಯಲ್ಲೇ ಹಿಡಿದು ನಿಂತಿರುವುದನ್ನು ಕಾಣಬಹುದು. ನೇರ ಅಲಗಿನ ಒರೆ ಕೊರೆಯಲು ಸುಲಭ. ಖಂಡ ಎಂಬ ಅಗಲವಾದ ನೇರ ಖಡ್ಗದ ಒರೆ ಎಲ್ಲಕ್ಕಿಂತ ತೊಡಕಿನದು: ಅದರ ಅಲಗು ಮೊನೆಯ ಕಡೆ ಅಗಲವಾಗುತ್ತದೆ. ಅಗಲವಾದ ಮೊನೆ ಹೋಗುವಷ್ಟು ಬಾಯಿ ಬಿಟ್ಟರೆ ಸಣ್ಣದಾದ ಬುಡ ಅದೇ ಬಾಯಿಯಲ್ಲಿ ಅಲ್ಲಾಡುತ್ತದೆ. ಅಲ್ಲಿ ಅಗಲದ ಬಿಗಿತ ಬಿಟ್ಟು ದಪ್ಪದ ಬಿಗಿತವನ್ನೇ ನಂಬಬೇಕು. ಹಿಡಿಯ ಬುಡದಲ್ಲಿ ಅಲಗಿನ ಎರಡೂ ಮೈಯನ್ನು ಬಾಯಿ ಒತ್ತಬೇಕು.

ಕಟ್ಟಿಗೆ ಹಗುರವಾಗಿರಬೇಕು, ಎಳೆ ನೇರ ಇರಬೇಕು, ಗಂಟು ಇರಬಾರದು, ಪೂರ್ತಿ ಒಣಗಿರಬೇಕು. ಗೋಕಾಕದ ಗೊಂಬೆಗಳಿಗೆ ಬಳಸುವಂಥ ಮೆತ್ತನೆಯ ಹಗುರ ಜಾತಿ ಸಾಕು. ಜಾಲಿ ಗಟ್ಟಿ ಅಂತ ಆರಿಸಬೇಡಿ. ಅದು ಭಾರ, ಮೇಲಾಗಿ ಅದರ ಒಗರು ತೇವದ ದಿನಗಳಲ್ಲಿ ಅಲಗಿನ ಮೇಲೆ ಕಪ್ಪು ಕಲೆ ಎಬ್ಬಿಸುತ್ತದೆ. ಹಸಿ ಕಟ್ಟಿಗೆಯಂತೂ ಬೇಡವೇ ಬೇಡ: ಇವತ್ತು ಸರಿಯಾಗಿ ಕೂತ ಬಾಯಿ ಒಣಗಿದ ಮೇಲೆ ಸೊಟ್ಟಾಗುತ್ತದೆ.

ತಲವಾರದ ಬಾಗಿಗೆ ಹಲಗೆಯನ್ನು ಬಗ್ಗಿಸುವುದಕ್ಕಿಂತ ಅಗಲ ಹಲಗೆಯಲ್ಲೇ ಬಾಗು ಗೆರೆ ಹಾಕಿ ಕೊಯ್ಯುವುದು ಲೇಸು. ಗೆರೆ ಹಾಕುವಲ್ಲೇ ಹೊಸಬರು ಎಡವುತ್ತಾರೆ. ಅಲಗನ್ನು ಹಲಗೆಯ ಮೇಲಿಟ್ಟು ಸುತ್ತ ಒಂದು ಗೆರೆ ಎಳೆದು ಅಷ್ಟನ್ನೇ ಕೊರೆಯುತ್ತಾರೆ. ಕತ್ತಿ ಒಳಗೆ ಕೂತಾಗ ಅದು ಸರಿ. ಆದರೆ ಕತ್ತಿ ಹೊರಬರುವಾಗ ಒರೆಯ ಪ್ರತಿ ಜಾಗದ ಮೂಲಕವೂ ಅಲಗಿನ ಬೇರೆ ಬೇರೆ ಭಾಗ ಹಾದುಹೋಗುತ್ತದೆ. ಅಲಗಿನ ಬಾಗು ಬುಡದಿಂದ ಮೊನೆಯವರೆಗೆ ಒಂದೇ ಸಮನಾಗಿದ್ದರೆ ತೊಂದರೆಯಿಲ್ಲ. ಬಹಳಷ್ಟು ತಲವಾರಗಳಲ್ಲಿ ಬುಡ ಹೆಚ್ಚುಕಡಿಮೆ ನೇರ, ಮುಂದೆ ಬಾಗು ಜಾಸ್ತಿ. ಆಗ ಹೀಗೆ ಮಾಡಿ: ಅಲಗು ಪೂರ್ತಿ ಒರೆಯಲ್ಲಿರುವ ಜಾಗದಲ್ಲಿಟ್ಟು ಒಂದು ಗೆರೆ ಎಳೆಯಿರಿ. ಕತ್ತಿ ಹೊರಬರುವ ದಾರಿಯಲ್ಲೇ ಅದನ್ನು 5 ಸೆಂಟಿಮೀಟರ್ ಹಿಂದಕ್ಕೆ ಸರಿಸಿ ಇನ್ನೊಂದು ಗೆರೆ, ಮತ್ತೆ 5, ಮತ್ತೊಂದು ಗೆರೆ. ಕೊನೆಗೆ ಎಲ್ಲ ಗೆರೆಗಳ ಹೊರಮೇರೆ ಏನಿದೆಯೋ ಅದೇ ಕೊರೆಯಬೇಕಾದ ಜಾಗ. ಬಾಗು ಅತಿಯಾದ ಶಮಶೇರಿನಂಥ ಅಲಗಿಗೆ ಇದೂ ಸಾಲದು. ಅಂಥ ಒರೆಗಳಲ್ಲಿ ಬಾಯಿಯ ಹತ್ತಿರ ಬೆನ್ನಿನ ಕಡೆ ಉದ್ದ ಸೀಳು ಬಿಟ್ಟು, ಅಲಗು ಪಕ್ಕದಿಂದ ಹೊರಗೆ ಬರುವಂತೆ ಮಾಡುವುದುಂಟು.

ಇನ್ನು ಆಳ. ಎರಡೂ ಹಲಗೆ ಸರಿಪಾಲು ಹಂಚಿಕೊಳ್ಳಬೇಕು: ಬೆನ್ನಿನ ದಪ್ಪದ ಅರ್ಧ, ಜೊತೆಗೆ ಅರ್ಧ ಮಿಲಿಮೀಟರ್. ಹರಿತದ ಕಡೆ ಅಂಚಿನಿಂದ ಮುಂದೆ 2–3 ಮಿಲಿಮೀಟರ್ ಖಾಲಿ ಜಾಗ ಬಿಡಿ. ಅಂಚು ಅಲ್ಲಿ ಏನನ್ನೂ ಮುಟ್ಟಬಾರದು. ಆ ಖಾಲಿಯ ಆಚೆ ಅಂಟು ಕೂರಲು 4–5 ಮಿಲಿಮೀಟರ್ ಕಟ್ಟಿಗೆ ಉಳಿಯಬೇಕು. ಕೊರೆದ ಮೇಲೆ ಉಳಿದ ಹಲಗೆಯ ದಪ್ಪ 3 ಮಿಲಿಮೀಟರಿಗೆ ಕಡಿಮೆಯಾದರೆ ಹೊಲಿಗೆ ಬಿಗಿಯುವಾಗಲೇ ಚಟ್ಟೆನ್ನುತ್ತದೆ. ಹೀಗೆ ಮಾಡಿದ ಒರೆ ಬಾಯಿಯ ಹತ್ತಿರ 43ರಿಂದ 45 ಮಿಲಿಮೀಟರ್ ಅಗಲ, 13–15 ಮಿಲಿಮೀಟರ್ ದಪ್ಪ ಬರುತ್ತದೆ. ತೊಗಲು, ತುದಿಗೆ ಹಾಕುವ ಲೋಹದ ಟೊಪ್ಪಿಗೆ ಸೇರಿ ಕಾಲು ಕಿಲೋ ಆಸುಪಾಸು ತೂಗಿದರೆ ಕೆಲಸ ಹದವಾಗಿದೆ. ಅರ್ಧ ಕಿಲೋ ತೂಗಿತೆಂದರೆ ಬಡಿಗ ಉಳಿ ಹಿಡಿಯಲು ಹೆದರಿದ್ದಾನೆ.

ಅಲಗು ಎಲ್ಲಿ ಮುಟ್ಟುತ್ತಿದೆ ಎಂದು ತಿಳಿಯಲು ಅದಕ್ಕೆ ದೀಪದ ಕಾಡಿಗೆ ತೆಳುವಾಗಿ ಸವರಿ, ಎರಡು ಹಲಗೆ ಜೋಡಿಸಿ ಕೈಯಲ್ಲಿ ಒತ್ತಿ ಹಿಡಿದು, ಕತ್ತಿ ಒಮ್ಮೆ ತೂರಿಸಿ ತೆಗೆಯಿರಿ. ಕಪ್ಪಾದ ಜಾಗವನ್ನಷ್ಟೇ ಕೆರೆಯಿರಿ. ಮತ್ತೆ ತೂರಿಸಿ, ಮತ್ತೆ ಕೆರೆಯಿರಿ. ಕೊನೆಯಲ್ಲಿ ಕಾಡಿಗೆ ಬಾಯಿಯ ನಾಲ್ಕೈದು ಸೆಂಟಿಮೀಟರಿನಲ್ಲಿ ಮಾತ್ರ ಕಾಣಬೇಕು; ಅಲ್ಲಿಯೂ ಬೆನ್ನು ಮತ್ತು ಎರಡು ಚಪ್ಪಟೆ ಮೈಗಳ ಕಡೆ, ಹರಿತದ ಕಡೆ ಅಲ್ಲ. ಒಳಗೆ ಉಳಿದ ಕಾಡಿಗೆಯನ್ನು ಉಜ್ಜುಕಾಗದದಿಂದ ಪೂರ್ತಿ ತೆಗೆಯಿರಿ.

ತಲವಾರದ ಹಿಡಿಯಿಂದ ಅಲಗಿನ ಎರಡೂ ಬದಿಗೆ ಒಂದೊಂದು ಚಿಕ್ಕ ನಾಲಿಗೆ ಇಳಿದಿರುತ್ತದೆ. ಕತ್ತಿ ಒಳಗೆ ಹೋದಾಗ ಅವು ಒರೆಯ ಬಾಯಿಯ ಹೊರಮೈ ಮೇಲೆ ಕೂರಬೇಕು. ಆ ಜಾಗದಲ್ಲಿ ಕಟ್ಟಿಗೆಯ ಹೊರಮೈ ತುಸು ತಗ್ಗಿಸದಿದ್ದರೆ ತೊಗಲು ಹೊದಿಸಿದ ಮೇಲೆ ನಾಲಿಗೆ ತಾಗಿ ಕತ್ತಿ ಒಂದು ಬೆರಳು ಹೊರಗೇ ನಿಲ್ಲುತ್ತದೆ. ಆಮೇಲೆ ಸುತ್ತಿಗೆ ಹಿಡಿಯುವ ಪ್ರಸಂಗ.

ಅಂಟಿಗೆ ಬಡಿಗರ ಸರೇಸು, ಅಂದರೆ ತೊಗಲು ಎಲುಬು ಕಾಯಿಸಿ ತೆಗೆದ ಅಂಟು, ಒಳ್ಳೆಯದು. ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಮರುದಿನ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಸಾಕು, ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಈಗಿನ ಬಿಳಿ ಅಂಟು, ಎಪಾಕ್ಸಿ ಇವೆಲ್ಲ ಹಿಡಿಯುವುದೇನೋ ಹಿಡಿಯುತ್ತವೆ. ಆದರೆ ಹತ್ತು ವರ್ಷದ ಮೇಲೆ ಒರೆ ಬಿಚ್ಚಿ ರಿಪೇರಿ ಮಾಡಬೇಕಾದಾಗ ಸರೇಸು ಬಿಸಿ ಹಬೆಗೆ ಬಿಡುತ್ತದೆ, ಎಪಾಕ್ಸಿ ಬಿಡುವುದಿಲ್ಲ, ಕಟ್ಟಿಗೆಯನ್ನೇ ಸೀಳಬೇಕಾಗುತ್ತದೆ. ಅಂಟು ಹಚ್ಚುವಾಗ ಒಳ ಅಂಚಿನ ಕಡೆ ಕಡಿಮೆ ಹಚ್ಚಿ. ಹೆಚ್ಚಾದದ್ದು ಒಳಕ್ಕೆ ಉಕ್ಕಿ ಗಟ್ಟಿಯಾಗಿ ಅಲಗಿನ ಮೈ ಗೀರುತ್ತದೆ, ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಹಗ್ಗದಿಂದ ಎರಡೆರಡು ಬೆರಳಿಗೆ ಒಂದು ಸುತ್ತು ಬಿಗಿದು ಒಂದು ದಿನ ಬಿಡಿ.

ಈಗ ಪರೀಕ್ಷೆ. ಕತ್ತಿ ಒರೆಯಲ್ಲಿಟ್ಟು, ಕೆಳಗೆ ದಪ್ಪ ಗೋಣಿ ಹಾಸಿ, ಒರೆಯನ್ನು ತಲೆಕೆಳಗಾಗಿ ಹಿಡಿಯಿರಿ. ಕತ್ತಿ ಜಾರಬಾರದು. ಹೆಬ್ಬೆರಳಿನಿಂದ ಹಿಡಿಯನ್ನು ಒಮ್ಮೆ ನೂಕಿದರೆ ಬಿಡಬೇಕು, ಬಿಟ್ಟ ಮೇಲೆ ತಡೆಯಿಲ್ಲದೆ ಬರಬೇಕು. ಜಾರಿದರೆ ಬಾಯಿಯ ಒಳಗೆ ಉಜ್ಜುಗೊರಡಿನ ತೆಳು ಹೊಟ್ಟನ್ನು ಪಟ್ಟಿಯಂತೆ ಅಂಟಿಸಿ ಸರಿಮಾಡಿ. ಅಲ್ಲಿ ತೊಗಲಿನ ಚೂರು ಅಂಟಿಸಬೇಡಿ, ತುಕ್ಕಿನ ಗೆರೆ ಮೊದಲು ಏಳುವುದು ಅಲ್ಲಿಯೇ.

ತೊಗಲಿಗೆ ಬರೋಣ. ಆಡಿನ ತೊಗಲು, ತೊಗಟೆಯಲ್ಲಿ ಹದ ಮಾಡಿದ್ದು, 0.8ರಿಂದ 1 ಮಿಲಿಮೀಟರ್ ದಪ್ಪ. ಚಪ್ಪಲಿಯ ಅಟ್ಟೆಗೆ ಬಳಸುವ ಎಮ್ಮೆ ತೊಗಲು ಇಲ್ಲಿಗೆ ಹೊಂದುವುದಿಲ್ಲ, ತಿರುವಿನಲ್ಲಿ ಮೈಗೆ ಅಂಟುವುದಿಲ್ಲ. ಕ್ರೋಮ್ ತೊಗಲು ಒದ್ದೆ ಮಾಡಿ ಎಳೆದು ಒಣಗಿಸಿದರೂ ಆಕಾರ ಹಿಡಿಯದು. ಕಾಗದದ ಪಟ್ಟಿ ಸುತ್ತಿ ಒರೆಯ ಸುತ್ತಳತೆ ಬಾಯಿಯಿಂದ ತುದಿಯವರೆಗೆ ಪ್ರತಿ 10 ಸೆಂಟಿಮೀಟರಿಗೆ ತೆಗೆದು, ಅದಕ್ಕಿಂತ 4ರಿಂದ 6 ಮಿಲಿಮೀಟರ್ ಕಡಿಮೆ ಅಗಲಕ್ಕೆ ರಂಪಿಗೆಯಿಂದ ಕೊಯ್ಯಿರಿ. ಕಡಿಮೆ ಇಟ್ಟದ್ದನ್ನು ಒದ್ದೆ ತೊಗಲು ಹಿಗ್ಗಿ ತುಂಬುತ್ತದೆ, ಒಣಗುವಾಗ ಕುಗ್ಗಿ ಬಿಗಿಯುತ್ತದೆ. ಉದ್ದದಲ್ಲಿ ಮಾತ್ರ 4–5 ಸೆಂಟಿಮೀಟರ್ ಹೆಚ್ಚು ಬಿಡಿ. ಬೆನ್ನೆಲುಬಿನ ಉದ್ದಕ್ಕೆ ಕೊಯ್ದ ಪಟ್ಟಿಯೇ ಬೇಕು, ಹೊಟ್ಟೆಯ ಕಡೆಯದು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಹಿಗ್ಗುತ್ತದೆ.

ಹೊಲಿಗೆ ಎಲ್ಲಿ ಬರಬೇಕು? ದೇಹಕ್ಕೆ ತಾಗುವ ಚಪ್ಪಟೆ ಮೈಯ ನಟ್ಟನಡುವೆ. ಅಂದಕ್ಕಾಗಿ ಅಡಗಿಸಿದ್ದು ಅಂದುಕೊಳ್ಳುತ್ತಾರೆ, ಕಾರಣ ಬೇರೆ. ಹಲಗೆಗಳ ಅಂಟಿನ ಸಂದು ಇರುವುದು ಬೆನ್ನಿನ ಕಡೆ ಮತ್ತು ಹರಿತದ ಕಡೆ. ಈ ಎರಡೂ ಸಂದಿನ ಮೇಲೆ ತುಂಡಾಗದ ತೊಗಲು ಹಾಯಬೇಕು. ಹೊಲಿಗೆಯನ್ನು ಹರಿತದ ಕಡೆ ತಂದರೆ ಅಂಟು ಬಿಟ್ಟ ದಿನ ದಾರವೊಂದೇ ಉಳಿಯುತ್ತದೆ, ಅದನ್ನು ಅಂಚು ಕೊಯ್ದುಹಾಕುತ್ತದೆ. ಒರೆಯನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು ಕತ್ತಿ ಎಳೆಯುವವನ ಬೆರಳು ಅಲ್ಲಿಯೇ ಇರುತ್ತವೆ. ಒರೆ ಗಟ್ಟಿಯಾಗಿದ್ದರೂ ಎಳೆಯುವಾಗ ಹರಿತದ ಕಡೆ ಬೆರಳು ಸುತ್ತದೆ, ಚಪ್ಪಟೆ ಮೈಗಳನ್ನು ಚಿಮುಟಿ ಹಿಡಿಯಬೇಕು.

ತೊಗಲನ್ನು ಉಗುರುಬೆಚ್ಚಗಿನ ನೀರಿನಲ್ಲಿ 10–15 ನಿಮಿಷ, ಗುಳ್ಳೆ ಬರುವುದು ನಿಲ್ಲುವವರೆಗೆ ನೆನೆಸಿ, ಬಟ್ಟೆಯಲ್ಲಿ ಸುತ್ತಿ ಹಿಂಡಿ. ಬಿಸಿನೀರು ಬೇಡ: ಹದ ಮಾಡಿದ ಒದ್ದೆ ತೊಗಲು 70–80 ಡಿಗ್ರಿ ಮುಟ್ಟಿದರೆ ಮುದುಡಿ ಗಟ್ಟಿಯಾಗುತ್ತದೆ, ಮತ್ತೆ ತಿರುಗಿ ಬಾರದು. ಕಟ್ಟಿಗೆಗೆ ತೆಳುವಾಗಿ ಸರೇಸು ಹಚ್ಚಿ ತೊಗಲು ಸುತ್ತಿ, ಬಾಯಿಯ ಕಡೆಯಿಂದ ತುದಿಯ ಕಡೆಗೆ ಹೊಲಿಯಿರಿ. ಎರಡು ತುದಿ ಒಂದರ ಮೇಲೊಂದು ಹತ್ತಿಸದೆ ಮುಖಾಮುಖಿ ಕೂಡಿಸಬೇಕು. ಆರಿ ಮೇಲಿನಿಂದ ಚುಚ್ಚಿ ತೊಗಲಿನ ದಪ್ಪದ ನಡುವಿನಲ್ಲಿ ಹೊರಬರಬೇಕು, ಪೂರ್ತಿ ತೂರಬಾರದು. ತೂರಿದರೆ ದಾರ ಕಟ್ಟಿಗೆಗೂ ತೊಗಲಿಗೂ ನಡುವೆ ಸಿಕ್ಕಿ ಉಬ್ಬು ಕಾಣುತ್ತದೆ. ಒಂದು ಮಿಲಿಮೀಟರ್ ತೊಗಲಿನಲ್ಲಿ ಇದಕ್ಕೆ ಪಳಗಿದ ಕೈಯೇ ಬೇಕು. 4 ಮಿಲಿಮೀಟರಿಗೆ ಒಂದು ತೂತು ಹಿಡಿದರೆ 80 ಸೆಂಟಿಮೀಟರ್ ಒರೆಗೆ ಒಂದೊಂದು ಬದಿಗೆ 200 ತೂತು. ಜೇನುಮೇಣ ಎಳೆದ ದಾರ, ಎರಡೂ ತುದಿಗೆ ಸೂಜಿ. ಹೊಲಿಗೆಯ ಉದ್ದಕ್ಕಿಂತ ನಾಲ್ಕು ಪಟ್ಟು ದಾರ ಬೇಕು, ಆದರೆ ಅಷ್ಟನ್ನೂ ಒಮ್ಮೆಗೇ ಪೋಣಿಸಿದರೆ ದಾರ ಉಜ್ಜಿ ಉಜ್ಜಿ ಸವೆಯುತ್ತದೆ. ಎರಡು ಮೂರು ತುಂಡಿನಲ್ಲಿ ಮುಗಿಸಿ.

ಇದೆಲ್ಲ ನಡೆಯುವಾಗ ಒರೆಯಲ್ಲಿ ಕತ್ತಿ ಇರಕೂಡದು. ಆಕಾರ ನಿಲ್ಲಲಿ ಎಂದು ಅಲಗನ್ನು ಒಳಗೇ ಬಿಡುವವರಿದ್ದಾರೆ. ತೊಗಲಿನ ತೇವ ಕಟ್ಟಿಗೆಗೆ ಇಳಿದು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ತೊಗಟೆ ತೊಗಲು ಒದ್ದೆಯಿದ್ದಾಗ ಕಬ್ಬಿಣ ಸೋಕಿದರೆ ಸೋಕಿದಲ್ಲಿ ಕಡುನೀಲಿ ಕಪ್ಪು ಕಲೆ ಬೀಳುತ್ತದೆ. ಕತ್ತರಿ, ಸುತ್ತಿಗೆ, ಒದ್ದೆ ಕೈಯಲ್ಲಿನ ಆರಿ, ಯಾವುದೂ ಸಾಕು. ನಿಂಬೆರಸ ಉಜ್ಜಿದರೆ ತುಸು ತಿಳಿಯಾದೀತು, ಪೂರ್ತಿ ಹೋಗುವ ಭರವಸೆ ಇಲ್ಲ. ಅಲಗಿನ ಆಕಾರದ ಕಟ್ಟಿಗೆ ಪಟ್ಟಿಯೊಂದನ್ನು ಮಾಡಿಟ್ಟುಕೊಂಡು ಅದನ್ನೇ ಒಳಗಿಡಿ.

ಈ ಕಲೆಯ ಗುಣವನ್ನೇ ಬೇಕೆಂದು ಬಳಸಿದರೆ ಕಪ್ಪು ಬಣ್ಣ. ಕಬ್ಬಿಣದ ಚೂರು, ಹಳೆಯ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಎರಡು ಮೂರು ವಾರ ಹುಳಿಯಲು ಬಿಟ್ಟು ಸೋಸಿ ತೊಗಲಿಗೆ ಸವರಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಮಹಾಲಿಂಗಪುರದ ಬೆಲ್ಲ ಸಿಗುವ ನಾಡಿನಲ್ಲಿ ಇದಕ್ಕೆ ಕೊರತೆಯಿಲ್ಲ, ಕಳಪೆ ಬೆಲ್ಲ ಸಾಕು. ಈ ಬಣ್ಣ ಮೇಲೆ ಕೂರುವ ಲೇಪವಲ್ಲ, ತೊಗಲಿನ ಒಗರಿನೊಡನೆ ಸೇರಿ ಹುಟ್ಟಿದ್ದು, ಉಜ್ಜಿದರೆ ಹೋಗದು. ಹುಳಿ ಒಳಗೇ ಉಳಿದರೆ ಮಾತ್ರ ವರ್ಷಗಳಲ್ಲಿ ತೊಗಲು ಪುಡಿಯಾಗುತ್ತದೆ, ಹಾಗಾಗಿ ಕೊನೆಗೆ ಅಡುಗೆ ಸೋಡಾ ಕಲಸಿದ ತೆಳು ನೀರಿನಿಂದ ಒರೆಸಿ, ಬರೀ ನೀರಿನಿಂದ ಮತ್ತೆ ಒರೆಸಬೇಕು.

ಒರೆಯ ಮೇಲೆ ಉಬ್ಬು ಗೆರೆ, ಬಳ್ಳಿ ಬೇಕಿದ್ದರೆ ತೊಗಲು ಹೊದಿಸುವ ಮೊದಲೇ ಕಟ್ಟಿಗೆಯ ಮೇಲೆ ದಾರ ಅಂಟಿಸಿ, ಹೊಲಿದ ಮೇಲೆ ಒದ್ದೆಯಿರುವಾಗಲೇ ಮೊಂಡು ಕೊಂಬಿನ ತುಂಡಿನಿಂದ ದಾರದ ಎರಡೂ ಬದಿ ಒತ್ತಿ. ನೆರಳಿನಲ್ಲಿ ಎರಡು ದಿನ ಒಣಗಲಿ.

ಕೊನೆಯ ಪೂಸಿಗೆ ಶೇಂಗಾ ಎಣ್ಣೆ ಬೇಡ. ಅದು ಎಂದೂ ಒಣಗದೆ ಮುಗ್ಗಲು ವಾಸನೆ ಹಿಡಿದು ಜಿರಲೆಯನ್ನು ಕರೆಯುತ್ತದೆ. ನಮ್ಮಲ್ಲಿ ಕುಸುಬಿ ಎಣ್ಣೆ ಇದೆ, ಗಾಳಿಗೆ ನಿಧಾನವಾಗಿ ಒಣಗಿ ಪದರವಾಗುವ ಜಾತಿ. ಅದನ್ನು ಬಹಳ ಹೊತ್ತು ಕಾಯಿಸಿ ಅಂಟಿನ ಹದಕ್ಕೆ ತಂದು, ನೀರಿನಲ್ಲಿ ನೆನೆಯುವ ಬಾವಿ ಹಗ್ಗ, ತೊಗಲು ಸಾಮಾನುಗಳಿಗೆ ಹಚ್ಚುವ ವಾಡಿಕೆ ದಖ್ಖನಿನಲ್ಲಿತ್ತು. ಹೊರಮೈಗೆ ಬಟ್ಟೆಯಲ್ಲಿ ಅದ್ದಿ ಒರೆಸಿದಷ್ಟು ಸಾಕು, ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಒಣಗುವ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಒರೆಯ ಒಳಗೆ ಯಾವ ಎಣ್ಣೆಯೂ ಬೇಡ, ಧೂಳು ಕೂಡಿ ಮರಳಿನಂತೆ ಅಲಗನ್ನು ಉಜ್ಜುತ್ತದೆ.

ತುದಿಯ ಲೋಹದ ಟೊಪ್ಪಿಗೆಗೆ 0.6ರಿಂದ 0.8 ಮಿಲಿಮೀಟರ್ ಹಿತ್ತಾಳೆ ತಗಡು ಸಾಕು. ಒಳಗೆ ಅರಗು ತುಂಬಿ ಬಿಸಿಯಾಗಿ ಕೂರಿಸಿದರೆ ಮೊಳೆ ಬೇಕಿಲ್ಲ. ಬಾಯಿಗೂ ಲೋಹ ಹಾಕುವುದಾದರೆ ಅದರ ಒಳ ಅಂಚು ಕಟ್ಟಿಗೆಗಿಂತ ಕೂದಲೆಳೆ ಹಿಂದೆ ಇರಲಿ. ಇಲ್ಲವಾದರೆ ಪ್ರತಿ ಸಲ ಎಳೆದಾಗಲೂ ಕತ್ತಿಗೆ ಗೀರು.

ಕಟ್ಟಿಕೊಳ್ಳುವ ರೀತಿ. ಬಲಗೈಯವನಿಗೆ ಎಡ ನಡುವಿಗೆ, ಹರಿತ ಕೆಳಕ್ಕೆ, ಹಿಡಿ ಮುಂದಕ್ಕೆ. ನಡುವಿಗೆ ಸುತ್ತಿದ ದಟ್ಟಿಯಲ್ಲಿ ಸಿಕ್ಕಿಸುವುದುಂಟು, ಬಲ ಹೆಗಲಿನಿಂದ ಇಳಿಬಿಟ್ಟ ಪಟ್ಟಿಗೆ ಕಟ್ಟುವುದುಂಟು. ಪಟ್ಟಿಗೆ ಮಾತ್ರ ನಿಮ್ಮ ದಪ್ಪ ತೊಗಲು ಬೇಕು: 25–30 ಮಿಲಿಮೀಟರ್ ಅಗಲ, 2.5–3 ಮಿಲಿಮೀಟರ್ ದಪ್ಪ. ಒರೆಯನ್ನು ಒಂದೇ ಜಾಗದಲ್ಲಿ ಕಟ್ಟಿದರೆ ಅದು ನೆಟ್ಟಗೆ ಜೋತು ನಡೆಯುವಾಗ ಕಾಲಿಗೆ ತೊಡರುತ್ತದೆ. ಬಾಯಿಯಿಂದ ನಾಲ್ಕು ಬೆರಳು ಕೆಳಗೆ ಒಂದು, ಅಲ್ಲಿಂದ 15–20 ಸೆಂಟಿಮೀಟರ್ ಕೆಳಗೆ ಇನ್ನೊಂದು ಕಟ್ಟು ಹಾಕಿ, ಕೆಳಗಿನ ಪಟ್ಟಿಯನ್ನು ಬೆನ್ನ ಹಿಂದಿನಿಂದ ತಂದರೆ ಒರೆ ಓರೆಯಾಗಿ ನಿಲ್ಲುತ್ತದೆ. ಕೆಳಗಿನ ಪಟ್ಟಿ ಚಿಕ್ಕದಾದಷ್ಟೂ ಒರೆ ಅಡ್ಡವಾಗುತ್ತದೆ. ಕುದುರೆಯ ಮೇಲೆ ಕೂರುವವನಿಗೆ ಅದು ಅನುಕೂಲ, ಜಾತ್ರೆಯ ನೂಕುನುಗ್ಗಲಿನಲ್ಲಿ ಹಿಂದಿನವರಿಗೆ ಉಪದ್ರವ. ವೀರಭದ್ರನ ಜಾತ್ರೆಗಳಲ್ಲಿ ಪುರವಂತರು ಕತ್ತಿ ಬಿಚ್ಚಿಯೇ ಹಿಡಿಯುವುದರಿಂದ ಈ ಲೆಕ್ಕ ಅವರಿಗೆ ಬರುವುದಿಲ್ಲ. ಕಟ್ಟು ಹಾಕುವ ಜಾಗದಲ್ಲಿ ಒರೆಗೆ ಇನ್ನೊಂದು ಪದರ ತೊಗಲು ಸುತ್ತಿ, ಪಟ್ಟಿ ಮೊದಲು ಸವೆಸುವುದು ಅಲ್ಲಿಯೇ.

ಹವೆಯ ವಿಚಾರ ನಮ್ಮ ಕಡೆ ಮುಖ್ಯ. ಬೆಳಗಾವಿಯ ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಕತ್ತಿ ಬಿಗಿಯುತ್ತದೆ, ವಿಜಯಪುರದ ಏಪ್ರಿಲ್ ಬಿಸಿಲಿಗೆ ಅದೇ ಒರೆ ಒಣಗಿ ಸಡಿಲಾಗುತ್ತದೆ. ಮಳೆಗಾಲದಲ್ಲಿ ಬಿಗಿಯಿತೆಂದು ಬಾಯಿ ಕೆರೆದರೆ ಬೇಸಿಗೆಯಲ್ಲಿ ಕತ್ತಿ ತಾನೇ ಬೀಳುತ್ತದೆ. ಬಾಯಿಯ ಕೊನೆಯ ಅಳತೆಯನ್ನು ದೀಪಾವಳಿಯ ಆಚೆ, ಹವೆ ನಡುಮಧ್ಯ ಇರುವಾಗ ಕೂರಿಸುವುದು ಒಳ್ಳೆಯದು.

ಮನೆಯಲ್ಲಿ ಹಿರಿಯರ ಕತ್ತಿ ಇದ್ದವರಿಗೆ ಎರಡು ಮಾತು. ವಸ್ತುಸಂಗ್ರಹಾಲಯಗಳಲ್ಲಿ ಒರೆ ಇಲ್ಲದ ಕತ್ತಿಗಳೇ ಹೆಚ್ಚು, ಯಾಕೆಂದರೆ ಕಟ್ಟಿಗೆ, ತೊಗಲು ಮೊದಲು ಸಾಯುತ್ತವೆ. ಇದ್ದ ಒರೆಯನ್ನು ಹೊಸದು ಮಾಡಲು ಹೋಗಬೇಡಿ. ನೂರು ವರ್ಷ ಮೀರಿದ್ದು 1972ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯ್ದೆಯ ಲೆಕ್ಕದಲ್ಲಿ ಪ್ರಾಚೀನ ವಸ್ತು. ತೊಗಲು ಮುಟ್ಟಿದರೆ ಕೆಂಪು ಪುಡಿ ಉದುರುತ್ತಿದ್ದರೆ ಅದರ ಎಳೆಗಳೇ ಮುರಿದಿವೆ, ಎಣ್ಣೆ ಹಚ್ಚಿದರೆ ಕಪ್ಪು ಅಂಟಾಗುತ್ತದೆಯೇ ಹೊರತು ಜೀವ ಬರುವುದಿಲ್ಲ. ಧೂಳು ಮೆತ್ತನೆಯ ಕುಂಚದಲ್ಲಿ ತೆಗೆದು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕತ್ತಿ ಒಳಗೆ ಸಿಕ್ಕಿಕೊಂಡಿದ್ದರೆ ಜಗ್ಗಬೇಡಿ. ಎಣ್ಣೆ ಸುರಿದು ಬಡಿಯಲೂ ಬೇಡಿ. ಬೇಸಿಗೆಯಲ್ಲಿ ಸಿಕ್ಕಿದ್ದು ತುಕ್ಕು ಕಚ್ಚಿ ಇರಬಹುದು, ಮಳೆಗಾಲದಲ್ಲಿ ಸಿಕ್ಕಿದ್ದು ಕಟ್ಟಿಗೆ ಉಬ್ಬಿ. ಒಣ ಕೋಣೆಯಲ್ಲಿ ವಾರಗಟ್ಟಲೆ ಬಿಟ್ಟರೆ ಉಬ್ಬಿದ್ದು ತಾನೇ ಬಿಡುತ್ತದೆ. ಆಮೇಲೂ ಬಿಡದಿದ್ದರೆ ಅದು ಸಂರಕ್ಷಣೆ ಬಲ್ಲವರ ಕೈಗೆ ಹೋಗಬೇಕಾದ ಕೆಲಸ.

ಇನ್ನೊಂದು, ಖಂಡೇನವಮಿಯ ದಿನದ್ದು. ಅಲಗಿಗೆ ನೀರು ಚಿಮುಕಿಸಿ, ಅರಿಸಿನ ಕುಂಕುಮ ಹಚ್ಚಿ, ಹೂ ಏರಿಸಿ ಪೂಜೆ ಮಾಡುತ್ತೇವೆ. ಸಂಜೆ ಹಾಗೇ ಒರೆಗೆ ಹಾಕಿಟ್ಟರೆ ಮುಂದಿನ ನವಮಿಯವರೆಗೆ ಆ ತೇವ ಒಳಗೇ ಇರುತ್ತದೆ. ಪೂಜೆಯ ಕುಂಕುಮವನ್ನು ಹಿಡಿಗೆ ಹಚ್ಚಿ. ಅಲಗಿಗೆ ಹಚ್ಚಲೇಬೇಕೆಂದರೆ ಅದೇ ರಾತ್ರಿ ಒಣಬಟ್ಟೆಯಿಂದ ಪೂರ್ತಿ ಒರೆಸಿ, ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯನ್ನು ತೆಳುವಾಗಿ ಸವರಿ, ಕತ್ತಿಯನ್ನು ಒರೆಯ ಹೊರಗೆ ಒಣಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಖಾಲಿ ಒರೆ ಸೊಟ್ಟಾಗದಂತೆ ಒಳಗೆ ಆ ಕಟ್ಟಿಗೆ ಪಟ್ಟಿಯನ್ನು ಸೇರಿಸಿ, ನೆಲದ ಮೇಲಲ್ಲ, ಅಟ್ಟದ ಮೇಲೆ ಚಪ್ಪಟೆಯಾಗಿ ಮಲಗಿಸಿ.